ಟಾಮ್ ವೇಟ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಾಮ್ ವೇಟ್ಸ್ ಯಾರು? ಮೊದಲು ಚಿಕ್ಕದಾಗಿ ಹೇಳಿ.

ಅಮೆರಿಕದ ಹಾಡುಗಾರ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರು. ಮೊದಲ ಆಲ್ಬಂ ಬಂದಿದ್ದು 1973ರಲ್ಲಿ, ಮೊದಲ ಸಿನಿಮಾ 1978ರಲ್ಲಿ. ಅವತ್ತಿನಿಂದ ಎರಡೂ ಕೆಲಸ ಒಟ್ಟೊಟ್ಟಿಗೆ ಸಾಗಿವೆ. ಗೊಗ್ಗರು ದನಿ, ಓರೆಕೋರೆ ತಾಳ, ಗುಜರಿಯಿಂದ ಎತ್ತಿ ತಂದಂತೆ ಕೇಳಿಸುವ ವಾದ್ಯಗಳು, ಕುಡುಕರು, ನಾವಿಕರು, ಮನೆ ಬಿಟ್ಟು ಓಡಿದವರು, ಸರ್ಕಸ್ಸಿನವರು ತುಂಬಿದ ಹಾಡುಗಳು. ಅವರ ಲೋಕ ಅದು.

ಅವರನ್ನು ಹಾಡುಗಾರ ಅನ್ನಬೇಕಾ, ನಟ ಅನ್ನಬೇಕಾ ಎಂದು ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಅವು ಬೇರೆ ಬೇರೆ ಕೆಲಸ ಅಲ್ಲ. ವೇಟ್ಸ್ ಪ್ರತಿ ಹಾಡಿನಲ್ಲೂ ಒಂದು ವೇಷ ಹಾಕುತ್ತಾರೆ. ಸಿನಿಮಾದಲ್ಲಿ ಅದೇ ವೇಷ ಹಾಡಿಲ್ಲದೆ ಬರುತ್ತದೆ, ಅಷ್ಟೇ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಎಲ್ಲಿಯವರು? ಹಾಡಿಗೆ ಹೇಗೆ ಬಂದರು?

1949ರ ಡಿಸೆಂಬರ್ 7ರಂದು ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮನ ಜೊತೆ ಸ್ಯಾನ್ ಡಿಯಾಗೋ ಕಡೆಗೆ ಬಂದರು. ಮೆಕ್ಸಿಕೊ ಗಡಿ ಅಲ್ಲಿಂದ ತೀರಾ ಹತ್ತಿರ. ಹುಡುಗನಾಗಿದ್ದಾಗ ನ್ಯಾಷನಲ್ ಸಿಟಿಯ ನೆಪೋಲಿಯೋನ್ ಪಿಜ್ಜಾ ಹೌಸ್‌ನಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದರು. ಆಮೇಲೆ ಸ್ಯಾನ್ ಡಿಯಾಗೋದ ಹೆರಿಟೇಜ್ ಎಂಬ ಕಾಫಿಹೌಸ್‌ನಲ್ಲಿ ಬಾಗಿಲು ಕಾಯುವ ಕೆಲಸ. ಅಲ್ಲಿ ಹಾಡಲು ಬರುವವರನ್ನು ಬಾಗಿಲಲ್ಲೇ ನಿಂತು ಕೇಳುತ್ತಾ, ನಡುವೆ ತಾವೂ ಹಾಡತೊಡಗಿದರು.

ಅಲ್ಲಿಂದ ಲಾಸ್ ಏಂಜಲೀಸ್‌ನ ಟ್ರೂಬಡೋರ್ ಕ್ಲಬ್. ಸೋಮವಾರ ರಾತ್ರಿ ಅಲ್ಲಿ ಯಾರು ಬೇಕಾದರೂ ಸರದಿಯಲ್ಲಿ ನಿಂತು ಹಾಡಬಹುದಿತ್ತು. ಹಾಗೆ ಹಾಡುವಾಗಲೇ ಹರ್ಬ್ ಕೋಹೆನ್ ಎಂಬ ಮ್ಯಾನೇಜರ್ ಕಣ್ಣಿಗೆ ಬಿದ್ದರು. ಸ್ವಲ್ಪ ದಿನದಲ್ಲೇ ಡೇವಿಡ್ ಗೆಫೆನ್ ಅವರ ಅಸೈಲಮ್ ರೆಕಾರ್ಡ್ಸ್ ಜೊತೆ ಒಪ್ಪಂದವಾಯಿತು. ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು.

ನಾನು ಅವರ ಹಾಡು ಕೇಳಿಯೇ ಇಲ್ಲ. ಅಷ್ಟು ದೊಡ್ಡ ಹೆಸರಾ?

ಕೇಳಿರುತ್ತೀರಿ. ಬೇರೆಯವರ ಬಾಯಲ್ಲಿ ಕೇಳಿರುತ್ತೀರಿ, ಗೊತ್ತಾಗಿರಲ್ಲ ಅಷ್ಟೇ.

ಮೊದಲ ಆಲ್ಬಂನ 'ಓಲ್ ಫಿಫ್ಟಿಫೈವ್' ಹಾಡನ್ನು ಈಗಲ್ಸ್ ತಂಡ 1974ರಲ್ಲೇ ಹಾಡಿತು. 'ಜೆರ್ಸಿ ಗರ್ಲ್' ಹಾಡನ್ನು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ವೇದಿಕೆಯಲ್ಲಿ ಹಾಡಿ ಹಾಡಿ, ಅದು ಅವರದ್ದೇ ಹಾಡು ಎಂದು ಜನ ನಂಬುವ ಹಾಗೆ ಮಾಡಿಬಿಟ್ಟರು. ರಾಡ್ ಸ್ಟುವರ್ಟ್ ಹಾಡಿದ 'ಡೌನ್‌ಟೌನ್ ಟ್ರೇನ್' ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನದವರೆಗೆ ಹೋಯಿತು. ರಮೋನ್ಸ್, ಜಾನಿ ಕ್ಯಾಶ್, ನೋರಾ ಜೋನ್ಸ್, ಡಯಾನಾ ಕ್ರಾಲ್ ಎಲ್ಲರೂ ಅವರ ಹಾಡು ಎತ್ತಿಕೊಂಡಿದ್ದಾರೆ. ನಟಿ ಸ್ಕಾರ್ಲೆಟ್ ಜೊಹಾನ್ಸನ್ 2008ರಲ್ಲಿ ಬಹುತೇಕ ವೇಟ್ಸ್ ಹಾಡುಗಳದ್ದೇ ಒಂದು ಆಲ್ಬಂ ತಂದರು.

ಇವರಲ್ಲಿ ಯಾರಿಗೂ ವೇಟ್ಸ್ ದನಿ ಇಲ್ಲ. ಆದರೂ ಹಾಡು ನಿಲ್ಲುತ್ತದೆ. ಅಂದರೆ ಆ ಒರಟು ದನಿಯ ಕೆಳಗೆ ಗಟ್ಟಿಯಾದ, ಹಳೆಯ ಕಾಲದ ರಾಗ ಇದೆ ಎಂದಾಯಿತು. ಅವರ ಹಾಡು ಬರೀ ಗದ್ದಲ ಅನ್ನುವವರು ಇದನ್ನೊಮ್ಮೆ ಗಮನಿಸಬೇಕು.

ಆ ದನಿ ನಿಜವಾದದ್ದಾ? ಬೇಕಂತಲೇ ಹಾಗೆ ಹಾಡುತ್ತಾರಾ?

ಎರಡೂ ಹೌದು. 1973ರ 'ಕ್ಲೋಸಿಂಗ್ ಟೈಮ್' ಕೇಳಿ. ಸ್ವಲ್ಪ ದಣಿದ, ಮೃದುವಾದ, ಸಾಮಾನ್ಯ ಹುಡುಗನ ದನಿ. 1976ರ 'ಸ್ಮಾಲ್ ಚೇಂಜ್' ಹೊತ್ತಿಗೆ ಅದೇ ಗಂಟಲು ಪೂರ್ತಿ ಒರಟಾಗಿದೆ. ಮೂರೇ ವರ್ಷದ ಅಂತರ. ಸಿಗರೇಟು, ಕುಡಿತ, ರಾತ್ರಿಯಿಡೀ ಪ್ರಯಾಣ, ದಿನಾ ಒಂದೊಂದು ಊರಲ್ಲಿ ಹಾಡು, ಇದೆಲ್ಲ ಅದರಲ್ಲಿ ಸೇರಿದೆ. ಕುಡಿತವನ್ನು ಅವರು 1990ರ ದಶಕದ ಆರಂಭದಲ್ಲೇ ಬಿಟ್ಟರು.

ಆದರೆ ಗಂಟಲು ಕೆಟ್ಟು ಹೀಗಾಯಿತು ಅಂತ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಅವರ ಹತ್ತಿರ ಒಂದೇ ದನಿ ಇಲ್ಲ. 'ಟೆಂಪ್ಟೇಶನ್' ಹಾಡಿನಲ್ಲಿ ಕಳ್ಳದನಿ ಎತ್ತಿ, ತೆಳ್ಳಗೆ, ಹೆಚ್ಚುಕಮ್ಮಿ ಹೆಂಗಸಿನ ಹಾಗೆ ಹಾಡುತ್ತಾರೆ. 'ವೇ ಡೌನ್ ಇನ್ ದ ಹೋಲ್' ಹಾಡಿನಲ್ಲಿ ಅವರೊಬ್ಬ ಬೀದಿ ಪಾದ್ರಿ. 'ವಾಟ್ಸ್ ಹಿ ಬಿಲ್ಡಿಂಗ್' ಹಾಡೇ ಅಲ್ಲ, ಪಿಸುಮಾತು. ಪಕ್ಕದ ಮನೆಯವನು ಒಳಗೆ ಏನು ಕಟ್ಟುತ್ತಿದ್ದಾನೆ ಎಂದು ಒಬ್ಬ ಮನುಷ್ಯ ಇಣುಕಿ ನೋಡುತ್ತಾ ಗೊಣಗುತ್ತಾನೆ. ಹಿಂದೆ ಏನೇನೋ ಕುಟ್ಟುವ, ಕೆರೆಯುವ ಸದ್ದು. ಕೇಳ್ತಾ ಕೇಳ್ತಾ ನಮಗೆ ಪಕ್ಕದ ಮನೆಯವನಿಗಿಂತ ಈ ಇಣುಕುವವನ ಮೇಲೇ ಭಯ ಹುಟ್ಟುತ್ತದೆ. ಅಷ್ಟನ್ನೂ ಬರೀ ಮಾತಿನ ಏರಿಳಿತದಲ್ಲಿ ಮಾಡುತ್ತಾರೆ. ಇದು ನಟನ ಕೆಲಸ ಅಲ್ವಾ?

ಎಪ್ಪತ್ತರ ದಶಕದ ಆಲ್ಬಂಗಳು ಹೇಗಿವೆ?

ಪಿಯಾನೊ, ಡಬಲ್ ಬಾಸ್, ಸ್ಯಾಕ್ಸೊಫೋನ್, ಎಲ್ಲೋ ಒಂದು ಬಾರ್ ಮುಚ್ಚುವ ಹೊತ್ತು. ವೇಷವೂ ಅದಕ್ಕೆ ತಕ್ಕ ಹಾಗೆ: ಸುಕ್ಕಾದ ಸೂಟು, ಟೋಪಿ, ತುಟಿಯಲ್ಲಿ ಸಿಗರೇಟು. ಆಗ ಲಾಸ್ ಏಂಜಲೀಸ್‌ನ ಟ್ರಾಪಿಕಾನಾ ಎಂಬ ಅಗ್ಗದ ಮೋಟೆಲ್‌ನಲ್ಲೇ ಅವರ ವಾಸ. 1975ರ 'ನೈಟ್‌ಹಾಕ್ಸ್ ಅಟ್ ದ ಡೈನರ್' ಆಲ್ಬಂಗೆ ಸ್ಟುಡಿಯೊ ಒಳಗೇ ಮೇಜು ಕುರ್ಚಿ ಹಾಕಿಸಿ, ಜನರನ್ನು ಕರೆಸಿ, ಅದನ್ನೇ ಕ್ಲಬ್ ಮಾಡಿ ರೆಕಾರ್ಡ್ ಮಾಡಿದರು. ಹಾಡಿಗಿಂತ ಮಧ್ಯೆ ಮಧ್ಯೆ ಆಡುವ ಮಾತೇ ಕೆಲವು ಕಡೆ ಚೆನ್ನಾಗಿದೆ.

ಈ ಕಾಲದ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲು 'ಟಾಮ್ ಟ್ರಾಬರ್ಟ್ಸ್ ಬ್ಲೂಸ್'. ಪರದೇಶದಲ್ಲಿ ಕಾಸಿಲ್ಲದೆ, ಕುಡಿದು, ದಾರಿ ತಪ್ಪಿದವನ ಹಾಡು. ಪಲ್ಲವಿಗೆ ಆಸ್ಟ್ರೇಲಿಯಾದ ಹಳೆಯ 'ವಾಲ್ಟ್‌ಸಿಂಗ್ ಮಟಿಲ್ಡಾ' ಹಾಡನ್ನು ಎಳೆದು ತಂದಿದ್ದಾರೆ. ಹಿಂದೆ ಪಿಟೀಲುಗಳು ಹಿತವಾಗಿ ನುಡಿಯುತ್ತವೆ, ಮುಂದೆ ಈ ಒಡೆದ ದನಿ. ಆರು ನಿಮಿಷ ದಾಟುವ ಹಾಡು. ಒಂದು ಕ್ಷಣವೂ ಉದ್ದ ಅನಿಸುವುದಿಲ್ಲ.

ದಶಕ ಮುಗಿಯುವ ಹೊತ್ತಿಗೆ ಆ ಕುಡುಕ ಹಾಡುಗಾರನ ವೇಷ ಅವರಿಗೇ ಬೇಸರ ತಂದಿತ್ತು. ವೇಷ ಯಾವುದು, ಮನುಷ್ಯ ಯಾವುದು ಎಂದು ತಿಳಿಯದ ಹಾಗಾಗಿತ್ತು. ಅಲ್ಲೇ ಉಳಿದಿದ್ದರೆ ಇವತ್ತು ಅವರು ಬರೀ ಹಳೇ ನೆನಪಿನ ಹಾಡುಗಾರರಾಗಿ ಇರುತ್ತಿದ್ದರು.

1983ರಲ್ಲಿ ಏನಾಯಿತು? ಎಲ್ಲರೂ ಆ ವರ್ಷದ ಬಗ್ಗೆ ಯಾಕೆ ಮಾತಾಡುತ್ತಾರೆ?

'ಸೋರ್ಡ್‌ಫಿಶ್‌ಟ್ರೊಂಬೋನ್ಸ್' ಬಂತು.

ಅಲ್ಲಿವರೆಗೆ ಅವರ ಆಲ್ಬಂಗಳನ್ನು ಬೋನ್ಸ್ ಹೋ ಅವರಂಥ ಅನುಭವಿ ನಿರ್ಮಾಪಕರು ನೋಡಿಕೊಳ್ಳುತ್ತಿದ್ದರು. ಈ ಸಲ ವೇಟ್ಸ್ ತಾವೇ ಕೂತರು. ಹಳೆಯ ಮ್ಯಾನೇಜರ್ ಜೊತೆಗಿನ ನಂಟೂ ಮುಗಿದಿತ್ತು. ಪಿಟೀಲುಗಳನ್ನು ತೆಗೆದರು. ಸ್ಯಾಕ್ಸೊಫೋನ್ ತೆಗೆದರು. ಬದಲಿಗೆ ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ, ಬ್ಯಾಗ್‌ಪೈಪ್, ಬಗೆಬಗೆಯ ಗಂಟೆ, ತಮಟೆಯಂಥ ಸದ್ದುಗಳು ಬಂದವು. ಅಸೈಲಮ್ ಕಂಪನಿಯವರು ಕೇಳಿ ಬೇಡ ಅಂದರು. ಐಲ್ಯಾಂಡ್ ರೆಕಾರ್ಡ್ಸ್ ತೆಗೆದುಕೊಂಡಿತು.

ಇದರಲ್ಲಿ 'ಶೋರ್ ಲೀವ್' ಎಂಬ ಹಾಡಿದೆ. ಅದನ್ನು ಹತ್ತಿರದಿಂದ ನೋಡಿದರೆ ಇಡೀ ಬದಲಾವಣೆ ತಿಳಿಯುತ್ತದೆ. ಹಡಗಿನಿಂದ ರಜೆ ಮೇಲೆ ಇಳಿದ ನಾವಿಕನೊಬ್ಬ ಪೂರ್ವದ ಬಂದರಿನಲ್ಲಿ ಅಲೆಯುತ್ತಾ, ದೂರದ ಊರಿನಲ್ಲಿರುವ ಹೆಂಡತಿಗೆ ಕಾಗದ ಬರೆಯುತ್ತಾನೆ. ಆಲ್ಬಂನ ಹಿಂದಿನ ಪಟ್ಟಿಯಲ್ಲಿ ಈ ಹಾಡಿಗೆ ವೇಟ್ಸ್ ನುಡಿಸಿದ ವಾದ್ಯ ಎಂದು ಬರೆದಿರುವುದು 'ಕುರ್ಚಿ'. ಕುರ್ಚಿಯಿಂದಲೇ ಸದ್ದು. ವಿಕ್ಟರ್ ಫೆಲ್ಡ್‌ಮನ್ ದೊಡ್ಡ ಡ್ರಮ್ಮಿಗೆ ಅಕ್ಕಿ ಹಾಕಿ ನುಡಿಸಿದ್ದಾರೆ. ಆ ಸರಸರ ಸದ್ದು ಕಿವಿಗೆ ಸಮುದ್ರದ ಹಾಗೆ ಬೀಳುತ್ತದೆ. ಮೊದಲು ಬಾರಿನ ಬಗ್ಗೆ ಹಾಡುತ್ತಿದ್ದವರು ಈಗ ಆ ಜಾಗವನ್ನೇ ಸದ್ದಿನಲ್ಲಿ ಕಟ್ಟಿ, ಅದರೊಳಗೆ ಒಬ್ಬ ಮನುಷ್ಯನನ್ನು ಬಿಡುತ್ತಿದ್ದಾರೆ. ಸಿನಿಮಾದವರು ಸೆಟ್ ಹಾಕುವುದೂ ಹೀಗೇ.

ಎರಡು ವರ್ಷಕ್ಕೆ 'ರೇನ್ ಡಾಗ್ಸ್' ಬಂತು. ನ್ಯೂಯಾರ್ಕ್‌ನಲ್ಲಿ ಬರೆದ ಆಲ್ಬಂ. ಮಾರ್ಕ್ ರಿಬೋ ಅವರ ಗಿಟಾರ್ ಮುಳ್ಳಿನ ಹಾಗೆ ಚುಚ್ಚುತ್ತದೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಕೂಡ ಕೆಲವು ಹಾಡಿಗೆ ನುಡಿಸಿದ್ದಾರೆ. 1987ರಲ್ಲಿ 'ಫ್ರಾಂಕ್ಸ್ ವೈಲ್ಡ್ ಇಯರ್ಸ್'. ಈ ಮೂರನ್ನೂ ಜನ ಒಂದು ಗುಂಪಾಗಿ ನೋಡುತ್ತಾರೆ.

ಕ್ಯಾಥ್ಲೀನ್ ಬ್ರೆನನ್ ಯಾರು? ಹಾಡಿನ ಪಟ್ಟಿಯಲ್ಲಿ ಅವರ ಹೆಸರು ಯಾವಾಗಲೂ ಇರುತ್ತಲ್ಲ?

ಹೆಂಡತಿ. ಆದರೆ ಹೆಂಡತಿ ಅಂತ ಹೇಳಿ ನಿಲ್ಲಿಸಿದರೆ ಅನ್ಯಾಯ. ಸಿನಿಮಾ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ಜೋಯಿಟ್ರೋಪ್ ಸ್ಟುಡಿಯೊದಲ್ಲಿ ಬ್ರೆನನ್ ಚಿತ್ರಕಥೆಗಳನ್ನು ಓದಿ ಅಭಿಪ್ರಾಯ ಕೊಡುವ ಕೆಲಸದಲ್ಲಿದ್ದರು. ವೇಟ್ಸ್ ಅದೇ ಸ್ಟುಡಿಯೊದಲ್ಲಿ ಕೊಪ್ಪೊಲಾ ಸಿನಿಮಾಕ್ಕೆ ಹಾಡು ಬರೆಯುತ್ತಿದ್ದರು. 1980ರಲ್ಲಿ ಮದುವೆಯಾದರು.

ಹಳೆಯ ದಾರಿ ಬಿಡಲು ಧೈರ್ಯ ಕೊಟ್ಟವರು, ತಾವೇ ನಿರ್ಮಿಸಿ ಎಂದು ಒತ್ತಾಯ ಮಾಡಿದವರು, ಅಮೆರಿಕದ ಪ್ರಯೋಗಶೀಲ ರಾಕ್ ಹಾಡುಗಾರ ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ ಸಂಗೀತದ ಕಡೆ ಕಿವಿ ತಿರುಗಿಸಿದವರು ಬ್ರೆನನ್. ಇದನ್ನು ವೇಟ್ಸ್ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಬಂದಿದ್ದಾರೆ. ಮುಂದೆ ಹೆಚ್ಚಿನ ಹಾಡುಗಳನ್ನು ಇಬ್ಬರೂ ಸೇರಿ ಬರೆದರು, ಆಲ್ಬಂಗಳನ್ನು ಸೇರಿ ನಿರ್ಮಿಸಿದರು. ಬ್ರೆನನ್ ವೇದಿಕೆ ಹತ್ತುವುದಿಲ್ಲ, ಸಂದರ್ಶನ ಕೊಡುವುದೂ ತೀರಾ ಕಡಿಮೆ. ಅದಕ್ಕೇ ಅವರ ಪಾಲು ಎಷ್ಟು ಎಂದು ಹೊರಗಿನವರು ಮರೆಯುತ್ತಾರೆ. 'ಟಾಮ್ ವೇಟ್ಸ್ ಹಾಡು' ಅಂದಾಗಲೆಲ್ಲ ಅರ್ಧ ಕೀರ್ತಿ ಅವರಿಗೂ ಹೋಗಬೇಕು.

ಆ ವಿಚಿತ್ರ ವಾದ್ಯಗಳು ಎಲ್ಲಿಂದ ಬಂದವು?

ಒಂದು ಬೇರು ಹ್ಯಾರಿ ಪಾರ್ಚ್. ಅವರೂ ಕ್ಯಾಲಿಫೋರ್ನಿಯಾದವರೇ. ಒಂದು ಸಪ್ತಕವನ್ನು 43 ಸ್ವರಗಳಾಗಿ ಒಡೆದು, ಆ ಸ್ವರ ನುಡಿಸಲು ಬೇಕಾದ ವಾದ್ಯಗಳನ್ನು ಕೈಯಾರೆ ಮಾಡಿಕೊಂಡ ಸಂಗೀತಗಾರ. ಪಾರ್ಚ್ ವಾದ್ಯಗಳನ್ನು ನುಡಿಸುತ್ತಿದ್ದ ಫ್ರಾನ್ಸಿಸ್ ಥಮ್ 'ಸೋರ್ಡ್‌ಫಿಶ್‌ಟ್ರೊಂಬೋನ್ಸ್' ಕೆಲಸದಲ್ಲಿ ಜೊತೆಗಿದ್ದರು. ಇನ್ನೊಂದು ಬೇರು ಜರ್ಮನಿಯ ಕುರ್ಟ್ ವೈಲ್ ಅವರ ನಾಟಕ ಸಂಗೀತ.

ಮಿಕ್ಕಿದ್ದು ವೇಟ್ಸ್ ಅವರ ಸ್ವಂತ ಹುಡುಕಾಟ. ಹಾರ್ಮೋನಿಯಂ ಜಾತಿಯ ಹಳೆಯ ಪಂಪ್ ಆರ್ಗನ್, ಟೇಪಿನಲ್ಲಿ ಹಿಡಿದಿಟ್ಟ ಸದ್ದನ್ನು ಕೀಲಿ ಒತ್ತಿ ನುಡಿಸುವ ಚೇಂಬರ್ಲಿನ್, ಪೊಲೀಸರು ಜನರನ್ನು ಚದುರಿಸಲು ಹಿಡಿಯುವ ಮೆಗಾಫೋನ್. ಮೆಗಾಫೋನಿನಲ್ಲಿ ಹಾಡಿದರೆ ದನಿ ಹಳೇ ರೇಡಿಯೊದಿಂದ ಬಂದ ಹಾಗಿರುತ್ತದೆ. ಕಬ್ಬಿಣದ ತುಂಡುಗಳನ್ನು ನೇತುಹಾಕಿ ಸುತ್ತಿಗೆಯಿಂದ ಬಾರಿಸುವ ಒಂದು ಚೌಕಟ್ಟೂ ಇತ್ತು. 1992ರ 'ಬೋನ್ ಮಷೀನ್' ಆಲ್ಬಂ ಅನ್ನು ಕ್ಯಾಲಿಫೋರ್ನಿಯಾದ ಕೊಟಾಟಿಯಲ್ಲಿರುವ ಪ್ರೇರಿ ಸನ್ ಸ್ಟುಡಿಯೊದಲ್ಲಿ ಮಾಡಿದರು. ಅದೂ ಒಳ್ಳೆಯ ಕೋಣೆಯಲ್ಲಿ ಅಲ್ಲ. ಕೆಳಗಿನ ಸಿಮೆಂಟ್ ನೆಲದ ಉಗ್ರಾಣದಲ್ಲಿ. ಅಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುವ ರೀತಿ ಅವರಿಗೆ ಇಷ್ಟವಾಯಿತು. ಡ್ರಮ್ ಏಟು ಬಿದ್ದಾಗ ಆ ಕೋಣೆ ಎಷ್ಟು ದೊಡ್ಡದಿದೆ ಎಂಬುದೂ ಕಿವಿಗೆ ಗೊತ್ತಾಗುತ್ತದೆ.

2004ರ 'ರಿಯಲ್ ಗಾನ್' ಆಲ್ಬಂನಲ್ಲಂತೂ ಪಿಯಾನೊವನ್ನೇ ಬಿಟ್ಟರು. ಬಾಯಿಂದ ತಾಳ ಹಾಕಿ, ಅದನ್ನು ಟೇಪಿನಲ್ಲಿ ಹಿಡಿದು, ಅದರ ಮೇಲೆ ಹಾಡು ಕಟ್ಟಿದರು. ಪಿಯಾನೊದಿಂದ ಹೆಸರು ಮಾಡಿದವರು ಐವತ್ತು ದಾಟಿದ ಮೇಲೆ ಹೀಗೆ ಮಾಡುವುದು ಸಣ್ಣ ಮಾತಲ್ಲ.

ಸಿನಿಮಾಗೆ ಹೇಗೆ ಬಂದರು?

1978ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ನಿರ್ದೇಶಿಸಿದ 'ಪ್ಯಾರಡೈಸ್ ಆ್ಯಲಿ'ಯಲ್ಲಿ ಮಂಬಲ್ಸ್ ಎಂಬ ಪಿಯಾನೊ ನುಡಿಸುವವನ ಚಿಕ್ಕ ಪಾತ್ರ. ಅದು ಸುಮ್ನೆ ಶುರು ಅಷ್ಟೇ.

ನಿಜವಾದ ಬಾಗಿಲು ತೆರೆದದ್ದು ಕೊಪ್ಪೊಲಾ. ವೇಟ್ಸ್ ಮತ್ತು ಬೆಟ್ ಮಿಡ್ಲರ್ ಹಾಡಿದ ಒಂದು ಯುಗಳ ಗೀತೆ ಕೇಳಿ, ಕಥೆಯ ಜೋಡಿಯ ಮನಸ್ಸನ್ನು ಹಾಡಿನಲ್ಲೇ ಹೇಳಿಸುವ ಯೋಚನೆ ಅವರಿಗೆ ಬಂತು. 1982ರ 'ಒನ್ ಫ್ರಮ್ ದ ಹಾರ್ಟ್' ಹಾಗೆ ಹುಟ್ಟಿತು. ಮಿಡ್ಲರ್ ಸಿಗಲಿಲ್ಲ, ಕ್ರಿಸ್ಟಲ್ ಗೇಲ್ ಹಾಡಿದರು. ವೇಟ್ಸ್ ಆಫೀಸಿಗೆ ಹೋದ ಹಾಗೆ ಸ್ಟುಡಿಯೊಗೆ ಹೋಗಿ, ಪಿಯಾನೊ ಮುಂದೆ ಕೂತು ಬರೆದರು. ಸಿನಿಮಾ ನೆಲಕಚ್ಚಿತು. ಸುಮಾರು 2.6 ಕೋಟಿ ಡಾಲರ್ ಖರ್ಚಾದ ಚಿತ್ರ 10 ಲಕ್ಷ ಡಾಲರ್ ಕೂಡ ಗಳಿಸಲಿಲ್ಲ. ಕೊಪ್ಪೊಲಾ ಸಾಲದಲ್ಲಿ ಮುಳುಗಿದರು. ಆದರೆ ವೇಟ್ಸ್ ಹಾಡುಗಳಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇವತ್ತಿಗೂ ಆ ಹಾಡುಗಳನ್ನು ಸಿನಿಮಾದ ನೆರವಿಲ್ಲದೆ ಕೇಳಬಹುದು.

ಆಮೇಲೆ ಕೊಪ್ಪೊಲಾ ಅವರನ್ನು ಬಿಡಲಿಲ್ಲ. 'ದಿ ಔಟ್‌ಸೈಡರ್ಸ್', 'ರಂಬಲ್ ಫಿಶ್', 'ದಿ ಕಾಟನ್ ಕ್ಲಬ್' ಮೂರರಲ್ಲೂ ಪಾತ್ರ ಕೊಟ್ಟರು. 1992ರ ಡ್ರಾಕುಲಾ ಚಿತ್ರದಲ್ಲಿ ಹುಚ್ಚಾಸ್ಪತ್ರೆಯಲ್ಲಿ ಹುಳು ತಿನ್ನುವ ರೆನ್‌ಫೀಲ್ಡ್ ಆಗಿ ಬಂದವರೂ ಇವರೇ.

ಅವರು ನಿಜಕ್ಕೂ ಒಳ್ಳೆಯ ನಟರಾ, ಇಲ್ಲ ಹೆಸರಿದೆ ಅಂತ ಹಾಕಿಕೊಳ್ಳುತ್ತಾರಾ?

ಒಳ್ಳೆಯ ನಟರು. ಹಾಡುಗಾರರು ಸಿನಿಮಾಗೆ ಬಂದರೆ ಸಾಮಾನ್ಯವಾಗಿ ತಮ್ಮನ್ನು ತಾವೇ ತೋರಿಸಿಕೊಂಡು ಹೋಗುತ್ತಾರೆ. ವೇಟ್ಸ್ ಹಾಗಲ್ಲ. ಎದುರಿನವರ ಮಾತು ಕೇಳಿಸಿಕೊಳ್ಳುತ್ತಾರೆ. 1987ರ 'ಐರನ್‌ವೀಡ್'ನಲ್ಲಿ ಜ್ಯಾಕ್ ನಿಕಲ್ಸನ್, ಮೆರಿಲ್ ಸ್ಟ್ರೀಪ್ ಎದುರು ರೂಡಿ ಎಂಬ ಅಲೆಮಾರಿ. ಅಷ್ಟು ದೊಡ್ಡವರ ನಡುವೆಯೂ ಕಣ್ಣು ಅವನನ್ನು ಹುಡುಕುತ್ತದೆ. 1993ರ 'ಶಾರ್ಟ್ ಕಟ್ಸ್'ನಲ್ಲಿ ಕುಡುಕ ಲಿಮೋಸಿನ್ ಡ್ರೈವರ್, ಅವನ ಹೆಂಡತಿಯಾಗಿ ಲಿಲಿ ಟಾಮ್ಲಿನ್. ಜಗಳ ಆಡಿ, ರಾಜಿ ಮಾಡಿಕೊಂಡು, ಮತ್ತೆ ಜಗಳ ಆಡುವ ಈ ಗಂಡ ಹೆಂಡತಿ ರಾಬರ್ಟ್ ಆಲ್ಟ್‌ಮನ್ ಚಿತ್ರದ ಅಷ್ಟೊಂದು ಜೋಡಿಗಳಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನಿಸಿದವರು.

ಒಂದು ಭಾಗವನ್ನಾದರೂ ಪೂರ್ತಿ ನೋಡಿ: ಕೋಯೆನ್ ಸಹೋದರರ 2018ರ 'ದ ಬಲಾಡ್ ಆಫ್ ಬಸ್ಟರ್ ಸ್ಕ್ರಗ್ಸ್' ಚಿತ್ರದಲ್ಲಿ ಬರುವ 'ಆಲ್ ಗೋಲ್ಡ್ ಕ್ಯಾನ್ಯನ್'. ಜ್ಯಾಕ್ ಲಂಡನ್ ಕಥೆ. ಒಬ್ಬ ಮುದುಕ ಕತ್ತೆಯ ಜೊತೆ, ಹಳೆಯ ಹಾಡು ಹಾಡುತ್ತಾ ಕಣಿವೆಗೆ ಬರುತ್ತಾನೆ. ಹೊಳೆಯ ಮಣ್ಣನ್ನು ಬಾಣಲೆಯಲ್ಲಿ ಜಾಲಿಸಿ ಚಿನ್ನದ ಚೂರುಗಳನ್ನು ಎಣಿಸುತ್ತಾನೆ. ಹೆಚ್ಚು ಹೊತ್ತು ತೆರೆಯ ಮೇಲೆ ಅವನೊಬ್ಬನೇ. ಮಣ್ಣಿನೊಳಗೆ ಅಡಗಿರುವ ಚಿನ್ನದ ಜೊತೆಗೇ ಮಾತಾಡುತ್ತಾನೆ, ಅದಕ್ಕೊಂದು ಹೆಸರೂ ಇಟ್ಟಿದ್ದಾನೆ. ಹಸಿವಾಗಿ ಮರ ಹತ್ತಿ ಗೂಬೆಯ ಗೂಡಿನಿಂದ ಮೊಟ್ಟೆ ತೆಗೆಯುತ್ತಾನೆ. ಅಷ್ಟರಲ್ಲಿ ಆಚೆ ಕೊಂಬೆಯಿಂದ ತಾಯಿ ಗೂಬೆ ಅವನನ್ನೇ ನೋಡುತ್ತಿರುತ್ತದೆ. ಮುದುಕ ಮೊಟ್ಟೆಗಳನ್ನು ವಾಪಸ್ ಇಡುತ್ತಾನೆ, ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಆಸೆ, ನಾಚಿಕೆ, ಹಸಿವು ಮೂರೂ ಆ ಮುಖದಲ್ಲಿ ಒಂದರ ಹಿಂದೆ ಒಂದು ಹಾಯುತ್ತವೆ. ವಾದ್ಯವಿಲ್ಲ, ಜೊತೆ ನಟರಿಲ್ಲ. ಆ ಗೊಣಗಾಟದಲ್ಲೂ ಒಂದು ಲಯ ಇದೆ. ಎಪ್ಪತ್ತರ ದಶಕದ ಕ್ಲಬ್ಬುಗಳಲ್ಲಿ ಹಾಡಿನ ನಡುವೆ ಜನರಿಗೆ ಕಥೆ ಹೇಳಿ ಹೇಳಿ ಪಳಗಿದ ಲಯ ಅದು.

ನಿರ್ದೇಶಕ ಜಿಮ್ ಜಾರ್ಮುಶ್ ಜೊತೆಗಿನ ಚಿತ್ರಗಳ ಬಗ್ಗೆ ಹೇಳಿ.

1986ರ 'ಡೌನ್ ಬೈ ಲಾ' ಮೊದಲು ನೋಡಿ. ಕಪ್ಪು ಬಿಳುಪು ಚಿತ್ರ, ರಾಬಿ ಮುಲ್ಲರ್ ಕ್ಯಾಮೆರಾ. ನ್ಯೂ ಆರ್ಲಿಯನ್ಸ್‌ನ ಬೀದಿಗಳು ಒಂದರ ಹಿಂದೆ ಒಂದು ಸರಿದು ಹೋಗುವಾಗ 'ಜಾಕಿ ಫುಲ್ ಆಫ್ ಬರ್ಬನ್' ಹಾಡು ಕೇಳಿಸುತ್ತದೆ. ವೇಟ್ಸ್ ಇಲ್ಲಿ ಜ್ಯಾಕ್... ಅಲ್ಲಲ್ಲ, ಹೆಸರಲ್ಲೇ ಗೊಂದಲ ಇದೆ: ಜಾನ್ ಲೂರಿ ಪಾತ್ರ ಜ್ಯಾಕ್, ವೇಟ್ಸ್ ಪಾತ್ರ ಝ್ಯಾಕ್. ಕೆಲಸ ಕಳೆದುಕೊಂಡ ರೇಡಿಯೊ ನಿರೂಪಕ. ಗೆಳತಿ ಅವನ ಸಾಮಾನೆಲ್ಲ ಬೀದಿಗೆ ಎಸೆಯುವಾಗ ಅವನ ಚಿಂತೆ ಬರೀ ಬೂಟಿನದ್ದು.

ಮಾಡದ ತಪ್ಪಿಗೆ ಇಬ್ಬರೂ ಜೈಲು ಸೇರುತ್ತಾರೆ. ಅದೇ ಕೋಣೆಗೆ ಇಂಗ್ಲಿಷ್ ಅರ್ಧಂಬರ್ಧ ಬರುವ ಇಟಲಿಯವನೊಬ್ಬ ಬರುತ್ತಾನೆ, ರೊಬರ್ಟೊ ಬೆನಿನ್ಯಿ. ಝ್ಯಾಕ್‌ಗೆ ಮಾತಾಡಲು ಮನಸ್ಸೇ ಇಲ್ಲ. ಆದರೆ ಒಂದು ಸಲ ಜೈಲಿನ ಮಂಚದ ಮೇಲೆ ಕೂತು ರೇಡಿಯೊ ದನಿ ತೆಗೆದು ಹವಾಮಾನ ಹೇಳಲು ಶುರು ಮಾಡುತ್ತಾನೆ ನೋಡಿ, ಆಗ ಆ ಮನುಷ್ಯ ಹೊರಗೆ ಏನಾಗಿದ್ದ ಎಂದು ತಿಳಿಯುತ್ತದೆ.

ಆಮೇಲೆ 'ಮಿಸ್ಟರಿ ಟ್ರೇನ್' ಚಿತ್ರದಲ್ಲಿ ರೇಡಿಯೊದಿಂದ ಬರುವ ದನಿ ಮಾತ್ರ ಇವರದ್ದು. 'ನೈಟ್ ಆನ್ ಅರ್ತ್'ಗೆ ಸಂಗೀತ. 'ಕಾಫಿ ಆ್ಯಂಡ್ ಸಿಗರೆಟ್ಸ್'ನಲ್ಲಿ ರಾಕ್ ಹಾಡುಗಾರ ಇಗ್ಗಿ ಪಾಪ್ ಜೊತೆ ಒಂದು ಮೇಜು. ಇಬ್ಬರೂ ಸಿಗರೇಟು ಬಿಟ್ಟಿದ್ದೇವೆ, ಬಿಟ್ಟಿರುವುದರಿಂದ ಈಗ ಒಂದು ಸೇದಬಹುದು ಅಂತ ಸೇದುತ್ತಾರೆ. ಈ ತುಣುಕು 1993ರಲ್ಲಿ ಕಾನ್ ಉತ್ಸವದಲ್ಲಿ ಕಿರುಚಿತ್ರಕ್ಕೆ ಕೊಡುವ ದೊಡ್ಡ ಪ್ರಶಸ್ತಿ ಪಾಮ್ ದೋರ್ ಪಡೆಯಿತು. 2019ರ 'ದ ಡೆಡ್ ಡೋಂಟ್ ಡೈ'ಯಲ್ಲಿ ಕಾಡಿನಲ್ಲಿ ಇರುವ ಸನ್ಯಾಸಿಯಂಥ ಬಾಬ್.

ಯಾವಾಗಲೂ ಚಿಕ್ಕ ಪಾತ್ರಗಳೇ ಯಾಕೆ?

ಮೂಲ ಕೆಲಸ ಹಾಡು, ಅದಕ್ಕೇ. ಜೊತೆಗೆ ನಿರ್ದೇಶಕರು ಅವರನ್ನು ಕರೆಯುವುದೂ ಬೇರೆ ಯಾರೂ ತುಂಬಲಾರದ ಒಂದು ಮೂಲೆ ತುಂಬಲು. ಟೆರ್ರಿ ಗಿಲಿಯಂ 2009ರ 'ದಿ ಇಮ್ಯಾಜಿನೇರಿಯಂ ಆಫ್ ಡಾಕ್ಟರ್ ಪರ್ನಾಸಸ್' ಚಿತ್ರಕ್ಕೆ ಸೈತಾನ ಬೇಕು ಎಂದಾಗ ಇವರನ್ನು ಕರೆದರು. ದುಂಡು ಟೋಪಿ, ತೆಳು ಮೀಸೆ, ಪಂದ್ಯ ಕಟ್ಟುವ ಚಟ. ಹೆದರಿಸುವುದಿಲ್ಲ, ಪುಸಲಾಯಿಸುತ್ತಾನೆ. 'ಸೆವೆನ್ ಸೈಕೋಪಾತ್ಸ್'ನಲ್ಲಿ ಮೊಲ ಹಿಡಿದುಕೊಂಡು ಬಂದು ತನ್ನ ಕಥೆ ಹೇಳುವವನು. 'ದಿ ಓಲ್ಡ್ ಮ್ಯಾನ್ ಆ್ಯಂಡ್ ದ ಗನ್'ನಲ್ಲಿ ರಾಬರ್ಟ್ ರೆಡ್‌ಫೋರ್ಡ್ ಜೊತೆಗಾರ ಬ್ಯಾಂಕ್ ಕಳ್ಳ. ಹತ್ತು ನಿಮಿಷದ ಪಾತ್ರವಾದರೂ ಆ ಮನುಷ್ಯನಿಗೆ ಹಿಂದೊಂದು ಬದುಕು ಇದೆ ಅನಿಸುತ್ತದೆ. ಮೂರು ನಿಮಿಷದ ಹಾಡಿನಲ್ಲಿ ಇಡೀ ಬದುಕು ಹೇಳಿ ರೂಢಿಯಾದವರಿಗೆ ಹತ್ತು ನಿಮಿಷ ಜಾಸ್ತಿಯೇ.

ನಾಟಕಕ್ಕೂ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. ಫ್ರಾಂಕ್ ಎಂಬ ಪಾತ್ರದ ಕಥೆ ಗೊತ್ತಾದರೆ ವೇಟ್ಸ್ ಕೆಲಸ ಮಾಡುವ ರೀತಿಯೇ ಗೊತ್ತಾಗುತ್ತದೆ. 1983ರ ಆಲ್ಬಂನಲ್ಲಿ ಎರಡು ನಿಮಿಷವೂ ಇಲ್ಲದ ಒಂದು ಮಾತಿನ ತುಣುಕು ಇತ್ತು. ಫ್ರಾಂಕ್ ಒಂದು ದಿನ ಮನೆಗೆ ಬೆಂಕಿ ಹಚ್ಚಿ, ರಸ್ತೆಯಾಚೆ ಕಾರು ನಿಲ್ಲಿಸಿ ನೋಡಿ, ಹೊರಟುಹೋಗಿಬಿಡುತ್ತಾನೆ. ಅಷ್ಟೇ ಕಥೆ. ಆಮೇಲೆ ಅವನು ಎಲ್ಲಿಗೆ ಹೋದ? ಅದನ್ನು ವೇಟ್ಸ್ ಮತ್ತು ಬ್ರೆನನ್ ನಾಟಕ ಮಾಡಿದರು. 1986ರಲ್ಲಿ ಶಿಕಾಗೊದ ಸ್ಟೆಪ್ಪನ್‌ವುಲ್ಫ್ ತಂಡ ಅದನ್ನು ಆಡಿತು, ಗ್ಯಾರಿ ಸಿನೀಸ್ ನಿರ್ದೇಶನ. ಫ್ರಾಂಕ್ ಆಗಿ ವೇಟ್ಸ್ ಅವರೇ ನಿಂತರು. ಮರುವರ್ಷ ಅದೇ ಹಾಡುಗಳು ಆಲ್ಬಂ ಆದವು. ಹಾಡಿನಿಂದ ರಂಗಕ್ಕೆ, ರಂಗದಿಂದ ಮತ್ತೆ ಹಾಡಿಗೆ.

ಆಮೇಲೆ ನಿರ್ದೇಶಕ ರಾಬರ್ಟ್ ವಿಲ್ಸನ್ ಜೊತೆ ಮೂರು ನಾಟಕ. 1990ರಲ್ಲಿ ಹ್ಯಾಂಬರ್ಗ್‌ನ ತಾಲಿಯಾ ರಂಗಮಂದಿರದಲ್ಲಿ 'ದ ಬ್ಲ್ಯಾಕ್ ರೈಡರ್', ಮಾತು ಬರೆದವರು ಅಮೆರಿಕದ ಕಾದಂಬರಿಕಾರ ವಿಲಿಯಂ ಬರೋಸ್. 1992ರಲ್ಲಿ ಅಲ್ಲೇ 'ಆಲಿಸ್'. 2000ದಲ್ಲಿ ಕೋಪನ್‌ಹೇಗನ್‌ನಲ್ಲಿ 'ವೊಯ್ಜೆಕ್'. 'ಆಲಿಸ್' ಹಾಡುಗಳು ಹತ್ತು ವರ್ಷ ಕಾದು, 2002ರಲ್ಲಿ 'ವೊಯ್ಜೆಕ್' ಹಾಡುಗಳ 'ಬ್ಲಡ್ ಮನಿ' ಜೊತೆಗೆ ಒಂದೇ ದಿನ ಹೊರಬಂದವು. 'ಆಲಿಸ್' ಅವರ ಅತ್ಯಂತ ಮೆತ್ತನೆಯ ಆಲ್ಬಂಗಳಲ್ಲಿ ಒಂದು. ಗದ್ದಲ ಇಷ್ಟವಿಲ್ಲದವರು ಅದನ್ನೇ ಹಾಕಿಕೊಳ್ಳಿ.

ಚಿಪ್ಸ್ ಜಾಹೀರಾತಿನ ಕೇಸು ಏನು?

1988ರಲ್ಲಿ ಫ್ರಿಟೊ-ಲೇ ಕಂಪನಿ ಡೊರಿಟೋಸ್ ಚಿಪ್ಸಿಗೆ ಒಂದು ರೇಡಿಯೊ ಜಾಹೀರಾತು ಮಾಡಿಸಿತು. ಜಾಹೀರಾತು ಏಜೆನ್ಸಿಗೆ ವೇಟ್ಸ್ ಅವರ 'ಸ್ಟೆಪ್ ರೈಟ್ ಅಪ್' ಹಾಡಿನ ಧಾಟಿ ಬೇಕಿತ್ತು. ಆ ಹಾಡು ಇರುವುದೇ ಬೀದಿಯಲ್ಲಿ ಕೂಗಿ ಕೂಗಿ ಏನು ಬೇಕಾದರೂ ಮಾರುವವರ ಸುಳ್ಳುಗಳನ್ನು ಬಯಲಿಗೆಳೆಯಲು. ವೇಟ್ಸ್ ಜಾಹೀರಾತಿಗೆ ಹಾಡುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೆ ಅವರ ದನಿಯನ್ನು ತದ್ರೂಪ ಅನುಕರಿಸುವ ಒಬ್ಬರನ್ನು ಹಿಡಿದು ಹಾಡಿಸಿದರು. ಆ ಹಾಡುಗಾರ ಇನ್ನೊಂದು ಸಲ ಅನುಕರಣೆ ಕಡಿಮೆ ಮಾಡಿಯೂ ಹಾಡಿಕೊಟ್ಟಿದ್ದರು. ಕಂಪನಿ ಆರಿಸಿಕೊಂಡಿದ್ದು ಅನುಕರಣೆಯನ್ನೇ.

ವೇಟ್ಸ್ ಒಂದು ರೇಡಿಯೊ ಕಾರ್ಯಕ್ರಮಕ್ಕೆ ಹೋಗಿದ್ದಾಗ ಆ ಜಾಹೀರಾತು ಅವರ ಕಿವಿಗೆ ಬಿತ್ತು. ನಾನೇ ಹಾಡಿದ್ದೇನೆ ಎಂದು ಕೇಳಿದವರೆಲ್ಲ ನಂಬುತ್ತಾರೆ ಎಂದು ಗಾಬರಿಯಾದರು. ಕೇಸು ಹಾಕಿದರು. 1990ರಲ್ಲಿ ಜ್ಯೂರಿ 3,75,000 ಡಾಲರ್ ಪರಿಹಾರ, ಅದರ ಮೇಲೆ ದಂಡವಾಗಿ 20 ಲಕ್ಷ ಡಾಲರ್ ಕೊಡಿಸಿತು. 1992ರಲ್ಲಿ ಮೇಲಿನ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಬೇರೊಂದು ಕಾಯ್ದೆಯಡಿ ಕೊಡಿಸಿದ್ದ 1,00,000 ಡಾಲರನ್ನು ಮಾತ್ರ, ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಆಗುತ್ತದೆ ಎಂದು ತೆಗೆದುಹಾಕಿತು.

ನಟನಿಗೆ ಮುಖ ಹೇಗೋ ಹಾಡುಗಾರನಿಗೆ ದನಿ ಹಾಗೆ ಎಂದು ಈ ತೀರ್ಪು ಗಟ್ಟಿ ಮಾಡಿತು. ಯಂತ್ರಗಳು ಯಾರ ದನಿಯನ್ನಾದರೂ ನಕಲು ಮಾಡುತ್ತಿರುವ ಈ ಕಾಲದಲ್ಲಿ ವಕೀಲರು ಇದನ್ನು ಮತ್ತೆ ಮತ್ತೆ ನೆನೆಯುತ್ತಿರುವುದು ಅದಕ್ಕೇ. ಅಂದ ಹಾಗೆ, ಅದಕ್ಕೂ ಮೊದಲು 1981ರಲ್ಲಿ ಒಂದು ನಾಯಿ ಆಹಾರದ ಜಾಹೀರಾತಿಗೆ ವೇಟ್ಸ್ ದನಿ ಕೊಟ್ಟಿದ್ದರು. ಆಮೇಲೆ ಆ ಕಡೆ ಹೋಗಲಿಲ್ಲ.

ಪ್ರಶಸ್ತಿಗಳು?

ಎರಡು ಗ್ರ್ಯಾಮಿ. 'ಬೋನ್ ಮಷೀನ್'ಗೆ ಆಲ್ಟರ್ನೇಟಿವ್ ವಿಭಾಗದಲ್ಲಿ, 1999ರ 'ಮ್ಯೂಲ್ ವೇರಿಯೇಶನ್ಸ್'ಗೆ ಜನಪದ ವಿಭಾಗದಲ್ಲಿ. ಯಾವ ಖಾನೆಗೆ ಹಾಕಬೇಕು ಎಂದು ಕೊಡುವವರಿಗೇ ತಿಳಿದಿರಲಿಲ್ಲ ಅನಿಸುತ್ತದೆ. 2011ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಹಾಡುಗಾರ ನೀಲ್ ಯಂಗ್ ಬರಮಾಡಿಕೊಂಡರು.

'ದಿ ವೈರ್' ಸೀರಿಯಲ್ಲಿನ ಶೀರ್ಷಿಕೆ ಹಾಡು ಇವರದ್ದೇ?

ಹೌದು, 'ವೇ ಡೌನ್ ಇನ್ ದ ಹೋಲ್'. ಐದು ಸೀಸನ್‌ಗೂ ಬೇರೆ ಬೇರೆಯವರ ದನಿ. ಎರಡನೇ ಸೀಸನ್‌ನಲ್ಲಿ ವೇಟ್ಸ್ ಅವರದ್ದೇ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಿವಿ ಎಂಥದ್ದು ಎನ್ನುವುದರ ಮೇಲೆ. ಪಿಯಾನೊ, ರಾಗ, ಹಿತವಾದ ಬೇಸರ ಇಷ್ಟವಾದರೆ 'ಕ್ಲೋಸಿಂಗ್ ಟೈಮ್'. ಸದ್ದಿನ ಸಾಹಸ ಬೇಕಾದರೆ ನೇರವಾಗಿ 'ರೇನ್ ಡಾಗ್ಸ್'. ಎರಡರ ನಡುವೆ ನಿಂತ ಆಲ್ಬಂ 'ಮ್ಯೂಲ್ ವೇರಿಯೇಶನ್ಸ್'. ಅದರಲ್ಲಿ ಅಬ್ಬರವೂ ಇದೆ, ಕಣ್ಣು ತೇವ ಮಾಡುವ ಹಾಡೂ ಇದೆ. ಹೊಸಬರಿಗೆ ನಾನು ಅದನ್ನೇ ಕೊಡುತ್ತೇನೆ. 'ಬೋನ್ ಮಷೀನ್' ಮೊದಲು ಬೇಡ. ಅದಕ್ಕೆ ಸ್ವಲ್ಪ ಅಭ್ಯಾಸ ಬೇಕು.

ಮೊದಲ ಸಲ ಕೇಳುವಾಗ ಸಾಹಿತ್ಯವನ್ನು ಕಣ್ಣೆದುರು ಇಟ್ಟುಕೊಳ್ಳಿ. ಅವರ ಉಚ್ಚಾರ ಹಿಡಿಯುವುದು ಅಮೆರಿಕದವರಿಗೂ ಕಷ್ಟ. ಪ್ರತಿ ಹಾಡಿಗೂ ಒಂದೇ ಪ್ರಶ್ನೆ ಕೇಳಿ: ಈಗ ಮಾತಾಡುತ್ತಿರುವವನು ಯಾರು? ಸೈನಿಕನಾ, ಕಳ್ಳನಾ, ಪಾದ್ರಿಯಾ, ಮನೆಗೆ ಕಾಗದ ಬರೆಯುವ ಹೆಂಗಸಾ? ಅದು ಸಿಕ್ಕಿದರೆ ದನಿ ಯಾಕೆ ಹಾಗಿದೆ ಎಂಬುದೂ ಸಿಗುತ್ತದೆ.

ಈಗ ಏನು ಮಾಡುತ್ತಿದ್ದಾರೆ? ಹೊಸ ಆಲ್ಬಂ ಬರುತ್ತಾ?

ಹೊಸ ಹಾಡುಗಳ ಕೊನೆಯ ಆಲ್ಬಂ 2011ರ 'ಬ್ಯಾಡ್ ಆ್ಯಸ್ ಮಿ'. ದೊಡ್ಡ ಪ್ರವಾಸ ಕೊನೆಗೆ ಮಾಡಿದ್ದು 2008ರಲ್ಲಿ. ಮೊದಲೂ ಆಲ್ಬಂಗಳ ನಡುವೆ ಐದಾರು ವರ್ಷ ಅಂತರ ಇರುತ್ತಿತ್ತು, ಇಷ್ಟು ಉದ್ದದ ಮೌನ ಇರಲಿಲ್ಲ. ನಡುವೆ 2018ರಲ್ಲಿ ಮಾರ್ಕ್ ರಿಬೋ ಆಲ್ಬಂಗೆ ಇಟಲಿಯ 'ಬೆಲ್ಲಾ ಚಾವ್' ಹಾಡಿಕೊಟ್ಟರು. ಅದನ್ನು ಹುಡುಕಿ ಕೇಳಿ. ಹೋರಾಟದ ಹಾಡನ್ನು ಅವರು ಘೋಷಣೆ ಮಾಡಿಲ್ಲ. ಮನೆಯಿಂದ ಹೊರಡುವ ಒಬ್ಬನ ವಿದಾಯ ಮಾಡಿದ್ದಾರೆ.

ನಟನೆ ಮಾತ್ರ ನಿಂತಿಲ್ಲ. 2021ರಲ್ಲಿ ಪಾಲ್ ಥಾಮಸ್ ಆ್ಯಂಡರ್ಸನ್ ಅವರ 'ಲಿಕರಿಶ್ ಪಿಜ್ಜಾ'ದಲ್ಲಿ ಹಳೆಯ ಸಿನಿಮಾ ನಿರ್ದೇಶಕನ ಪಾತ್ರ ಮಾಡಿದರು. 2025ರಲ್ಲಿ ಜಾರ್ಮುಶ್ ಮತ್ತೆ ಕರೆದರು. 'ಫಾದರ್ ಮದರ್ ಸಿಸ್ಟರ್ ಬ್ರದರ್' ಚಿತ್ರದ ಮೊದಲ ಭಾಗದಲ್ಲಿ ವೇಟ್ಸ್ ಅಪ್ಪ, ಆ್ಯಡಮ್ ಡ್ರೈವರ್ ಮತ್ತು ಮೈಯಿಮ್ ಬಿಯಾಲಿಕ್ ಮಕ್ಕಳು. ಆ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು.